ಫ್ಲೈಟ್ ಅಗ್ಗ, ಊರು ಮುಟ್ಟೋದು ದುಬಾರಿ: ಏರ್‌ಪೋರ್ಟ್‌ನಿಂದ ಕೊಪ್ಪಳ ಜಿಲ್ಲೆಗೆ ಕಡಿಮೆ ಖರ್ಚಿನಲ್ಲಿ ಬರೋದು ಹೇಗೆ?

(ಪಾಡ್‌ಕಾಸ್ಟ್ ಕಂತಿನ ಪಠ್ಯರೂಪ. ಓದಲು ಅನುಕೂಲವಾಗುವಂತೆ ಅಲ್ಲಲ್ಲಿ ತಿದ್ದಲಾಗಿದೆ.)

ಇವತ್ತಿನ ಕಂತು ಒಂದು ವಾಯ್ಸ್ ಮೆಸೇಜಿನಿಂದ ಶುರುವಾಗತ್ತೆ. ಕಳಿಸಿದವರು ಕುಷ್ಟಗಿ ತಾಲ್ಲೂಕಿನ ಹನುಮಸಾಗರ ಕಡೆಯ ಹುಡುಗ, ದೆಹಲಿ ಹತ್ತಿರ ಕೆಲಸ. ಹೆಸರು ಬೇಡ ಅಂದಿದ್ದಾರೆ. ಅವರ ಮಾತು ಹಾಗೇ ಇದೆ, ಕೇಳಿ.

"ಅಣ್ಣಾ, ನಮ್ಮ ಅಜ್ಜಿ ತೀರಿಕೊಂಡ್ಲು ಅಂತ ಮಧ್ಯಾಹ್ನ ಫೋನ್ ಬಂತು. ಸಿಕ್ಕ ಫ್ಲೈಟ್ ಹತ್ತಿ ರಾತ್ರಿ ಹತ್ತೂ ಮುಕ್ಕಾಲಿಗೆ ಬೆಂಗಳೂರಿಗೆ ಇಳಿದ್ನಿ. ಟಿಕೆಟ್ಟಿಗೆ 5,800 ಕೊಟ್ಟಿದ್ದೆ. ಹೊರಗ ಬಂದ ಕೂಡ್ಲೇ ಒಬ್ಬಾಂವ 'ಮೆಜೆಸ್ಟಿಕ್ಕಾ ಸರ್' ಅಂದ, ತಲೀನೂ ಓಡಲಿಲ್ಲ, ಹತ್ತಿದ್ನಿ. 2,200 ತಗೊಂಡ. ಮೆಜೆಸ್ಟಿಕ್ ಮುಟ್ಟೋದ್ರೊಳಗ ನಮ್ಮ ಕಡಿ ಬಸ್ ಎಲ್ಲಾ ಹೋಗಿದ್ವು. ಲಾಡ್ಜಿಗೆ 900. ಬೆಳಗ್ಗೆ ಬಸ್ಸಿಗೆ 700. ಕುಷ್ಟಗಿಯಿಂದ ಊರಿಗೆ ಕಾರಿಗೆ 600. ಊರು ಮುಟ್ಟಿದಾಗ ನಾಲ್ಕು ಗಂಟೆ. ಹನ್ನೊಂದಕ್ಕ ಮಣ್ಣು ಆಗಿತ್ತು. ದುಡ್ಡು ಹೋಗ್ಲಿ ಅಣ್ಣಾ, ದೆಹಲಿಯಿಂದ ಬೆಂಗಳೂರಿಗೆ ಎರಡೂ ಮುಕ್ಕಾಲು ತಾಸು, ಅಲ್ಲಿಂದ ಮನೀಗೆ ಹದಿನೇಳು ತಾಸು. ನಾನು ಎಲ್ಲಿ ತಪ್ಪು ಮಾಡಿದ್ನಿ ಹೇಳ್ರಿ."

ಈ ಮೆಸೇಜನ್ನ ನಾನು ಮೂರು ಸಲ ಕೇಳಿದೆ. ತಮ್ಮಾ, ನಿಮ್ಮದು ತಪ್ಪು ಅನ್ನೋಕಾಗಲ್ಲ. ಆ ಹೊತ್ತಲ್ಲಿ ಯಾರ ತಲೆನೂ ಓಡಲ್ಲ. ಅದಕ್ಕೇ ಈ ಲೆಕ್ಕವನ್ನ ಮೊದಲೇ, ಸಮಾಧಾನವಾಗಿ ಇದ್ದಾಗ ತಿಳ್ಕೊಂಡು ಇಟ್ಕೋಬೇಕು. ಟ್ಯಾಕ್ಸಿ, ಲಾಡ್ಜು, ಬಸ್ಸು, ಕಾರು ಕೂಡಿಸಿದ್ರೆ 4,400. ಫ್ಲೈಟಿನ ಮುಕ್ಕಾಲು ಪಾಲು ದುಡ್ಡು ನೆಲದ ಮೇಲೇ ಹೋಗಿದೆ.

ನಮಗೆ 'ಸಿಟಿ' ಅಂದ್ರೆ ಯಾವುದು?

ಇಂಟರ್‌ನೆಟ್ಟಿನಲ್ಲಿ "ಏರ್‌ಪೋರ್ಟಿನಿಂದ ಸಿಟಿಗೆ ಅಗ್ಗವಾಗಿ ಹೋಗೋದು ಹೇಗೆ" ಅಂತ ಹುಡುಕಿದ್ರೆ ನೂರು ವಿಡಿಯೋ ಬರ್ತವೆ. ಎಲ್ಲದರಲ್ಲೂ ಸಿಟಿ ಅಂದ್ರೆ ಎಂ.ಜಿ. ರೋಡ್, ಕೋರಮಂಗಲ, ಮೆಜೆಸ್ಟಿಕ್. ನಮ್ಮ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾದವರು ಅದನ್ನ ನೋಡಿ ಹಾಗೇ ಮಾಡ್ತೀವಿ: ಮೊದಲು ಮೆಜೆಸ್ಟಿಕ್ಕಿಗೆ ಹೋಗ್ತೀವಿ, ಆಮೇಲೆ ಊರಿನ ದಾರಿ ಹಿಡೀತೀವಿ. ದುಡ್ಡು ಸೋರೋದು ಅಲ್ಲೇ. ಬೆಂಗಳೂರಿನೊಳಗೆ ನಮಗೆ ಕೆಲಸ ಇಲ್ಲ ಅಂದಮೇಲೆ ಬೆಂಗಳೂರಿನೊಳಗೆ ಯಾಕೆ ಹೋಗಬೇಕು?

ಮ್ಯಾಪ್ ತೆಗೆದು ನೋಡ್ರಿ. ಕೆಂಪೇಗೌಡ ಏರ್‌ಪೋರ್ಟ್ ಇರೋದು ಊರಿನ ಉತ್ತರಕ್ಕೆ, ದೇವನಹಳ್ಳಿ ಹತ್ತಿರ. ನಮ್ಮ ಕಡೆ ಬರೋ ರಾತ್ರಿ ಬಸ್ಸುಗಳು ಹೋಗೋದು ತುಮಕೂರು ರಸ್ತೆಯಲ್ಲಿ: ಶಿರಾ, ಹಿರಿಯೂರು, ಚಿತ್ರದುರ್ಗ, ಹೊಸಪೇಟೆ. ರೈಲು ಹೋಗೋದು ಯಲಹಂಕ ಮೇಲೆ. ಅಂದ್ರೆ ಬಸ್ಸಾಗಲಿ ರೈಲಾಗಲಿ, ಮೆಜೆಸ್ಟಿಕ್ ಬಿಟ್ಟು ನಾವು ಬಂದ ದಿಕ್ಕಿಗೇ ವಾಪಸ್ ಬರ್ತವೆ. ನಾವು ಮೂವತ್ತೈದು ಕಿಲೋಮೀಟರ್ ದಕ್ಷಿಣಕ್ಕೆ ಹೋಗಿ, ಅವುಗಳನ್ನ ಹತ್ತಿ, ಮತ್ತೆ ಉತ್ತರಕ್ಕೆ ಬರ್ತೀವಿ.

ರೈಲಾದರೆ ಯಲಹಂಕ

ಹಂಪಿ ಎಕ್ಸ್‌ಪ್ರೆಸ್ ನಿಮಗೆಲ್ಲ ಗೊತ್ತು. ಮೈಸೂರಿನಿಂದ ಬಂದು, ರಾತ್ರಿ ಹತ್ತರ ಸುಮಾರಿಗೆ ಬೆಂಗಳೂರು ಬಿಟ್ಟು, ಗುಂತಕಲ್, ಬಳ್ಳಾರಿ, ಹೊಸಪೇಟೆ ಮೇಲೆ ಬೆಳಗ್ಗೆ ಕೊಪ್ಪಳಕ್ಕೆ ಬರೋ ಗಾಡಿ. ಇದು ಯಲಹಂಕದಲ್ಲಿ ನಿಲ್ಲತ್ತೆ. ಏರ್‌ಪೋರ್ಟಿನಿಂದ ಯಲಹಂಕ ಸ್ಟೇಷನ್ನಿಗೆ ಸುಮಾರು ಇಪ್ಪತ್ತು ಕಿಲೋಮೀಟರ್. ಮೆಜೆಸ್ಟಿಕ್ಕಿಗೆ ಮೂವತ್ತೈದರ ಮೇಲೆ.

ಇದನ್ನ ರೂಪಾಯಿಗೆ ಇಳಿಸೋಣ. ರಾಜ್ಯ ಸರ್ಕಾರ 2024ರಲ್ಲಿ ಸಿಟಿ ಟ್ಯಾಕ್ಸಿಗಳಿಗೆ, ಆ್ಯಪ್ ಟ್ಯಾಕ್ಸಿಗಳಿಗೂ ಸೇರಿ, ಒಂದೇ ರೀತಿಯ ದರ ಗೊತ್ತು ಮಾಡಿತು. ಹತ್ತು ಲಕ್ಷದ ಒಳಗಿನ ಬೆಲೆಯ ಕಾರಾದರೆ ಮೊದಲ 4 ಕಿ.ಮೀ.ಗೆ 100 ರೂಪಾಯಿ, ಆಮೇಲೆ ಕಿ.ಮೀ.ಗೆ 24. ಜಿಎಸ್‌ಟಿ, ಟೋಲ್ ಬೇರೆ. ರಾತ್ರಿ 12ರಿಂದ ಬೆಳಗ್ಗೆ 6ರವರೆಗೆ ನೂರಕ್ಕೆ ಹತ್ತು ಹೆಚ್ಚು. ಈ ಲೆಕ್ಕಕ್ಕೆ ಮೆಜೆಸ್ಟಿಕ್ಕಿಗೆ 36 ಕಿ.ಮೀ. ಅಂತ ಹಿಡಿದರೆ 868 ರೂಪಾಯಿ, ಯಲಹಂಕಕ್ಕೆ 20 ಕಿ.ಮೀ. ಅಂದ್ರೆ 484. ಆ್ಯಪ್‌ನಲ್ಲಿ ಕಾಣೋ ದರ ಹೊತ್ತು, ಮಳೆ, ಟ್ರಾಫಿಕ್ ಮೇಲೆ ಏರುಪೇರಾಗ್ತಾ ಇರತ್ತೆ, ಅದು ನಿಮಗೂ ಗೊತ್ತು. ಆದ್ರೂ ಈ ಎರಡು ಅಂಕಿ ತಲೆಯಲ್ಲಿರಲಿ. ಯಾರಾದ್ರೂ 2,200 ಅಂದಾಗ, ಅದು ಎಷ್ಟು ಪಟ್ಟು ಅಂತ ತಕ್ಷಣ ಹೊಳೀಬೇಕು.

ಬ್ಯಾಗ್ ಒಂದೇ ಇದ್ದು ಕೈಯಲ್ಲಿ ಟೈಮ್ ಇದ್ದರೆ ಟ್ಯಾಕ್ಸಿನೇ ಬೇಡ. ಬಿಎಂಟಿಸಿಯ ವಾಯುವಜ್ರ ಎಸಿ ಬಸ್ ಹತ್ತಿ ಕೋಗಿಲು ಕ್ರಾಸ್ ಕಡೆ ಇಳಿದು, ಅಲ್ಲಿಂದ ಆಟೋದಲ್ಲಿ ಸ್ಟೇಷನ್ ಮುಟ್ಟಬಹುದು. ಹತ್ತೋ ಮುಂಚೆ ಕಂಡಕ್ಟರ್‌ನ ಕೇಳಿ: "ಕೋಗಿಲು ಕ್ರಾಸ್ ನಿಲ್ಲಿಸ್ತೀರಾ ಸರ್?" ಎಲ್ಲಾ ಬಸ್ಸೂ ಎಲ್ಲಾ ಕಡೆ ನಿಲ್ಲಲ್ಲ, ಫ್ಲೈಓವರ್ ಹತ್ತಿಬಿಟ್ಟರೆ ನಿಮ್ಮನ್ನ ಇಳಿಸೋದು ಹೆಬ್ಬಾಳಕ್ಕೇ.

ಈಗ ಟಿಕೆಟ್ ವಿಷಯ. ಯಲಹಂಕದಿಂದ ಬುಕ್ ಮಾಡೋಕೆ ಹೋದಾಗ ವೇಟಿಂಗ್ ಲಿಸ್ಟ್ ತೋರಿಸಿ, ಬೆಂಗಳೂರಿನಿಂದ ಹಾಕಿದ್ರೆ ಸೀಟು ಸಿಗೋದು ಉಂಟು. ಹಾಗಿದ್ದಾಗ ಬೆಂಗಳೂರಿನಿಂದಲೇ ಬುಕ್ ಮಾಡಿ, ಹತ್ತೋ ಸ್ಟೇಷನ್ ಯಲಹಂಕ ಅಂತ ಬದಲಿಸಿ. ಐಆರ್‌ಸಿಟಿಸಿಯಲ್ಲಿ ಬೋರ್ಡಿಂಗ್ ಪಾಯಿಂಟ್ ಬದಲಿಸೋ ಅವಕಾಶ ಇದೆ. ಚಾರ್ಟ್ ಆಗೋ ಹೊತ್ತಿಗೆ ಬಿಡಬೇಡಿ, ಟಿಕೆಟ್ ತೆಗೆಸಿದ ದಿನವೇ ಮಾಡಿ. ಬದಲಿಸಿದ ಮೇಲೆ ಬೆಂಗಳೂರಿನಲ್ಲಿ ಹತ್ತೋ ಹಕ್ಕು ಹೋಗತ್ತೆ. ಬದಲಿಸದೇ ಯಲಹಂಕದಲ್ಲಿ ಹತ್ತೋಣ ಅಂದ್ಕೊಂಡ್ರೆ, ನೀವು ಬಂದಿಲ್ಲ ಅಂತ ಟಿಟಿಇ ನಿಮ್ಮ ಬರ್ತನ್ನ ಬೇರೆಯವರಿಗೆ ಕೊಡಬಹುದು.

ಗಂಗಾವತಿಯವರು ಕೊಪ್ಪಳದವರೆಗೆ ಬರಬೇಕಿಲ್ಲ, ಹೊಸಪೇಟೆಯಲ್ಲೇ ಇಳಿದು ಬಸ್ ಹಿಡಿದರೆ ಸಾಕು. ಕುಷ್ಟಗಿಯವರಿಗೂ ಹೊಸಪೇಟೆಯೇ ಅನುಕೂಲ, ಮುನಿರಾಬಾದ್, ಹಿಟ್ನಾಳ್ ಮೇಲೆ ನೇರ ಹೆದ್ದಾರಿ. ಯಲಬುರ್ಗಾದವರು ಕೊಪ್ಪಳದಲ್ಲಿ ಇಳೀರಿ.

ಊರಿನಿಂದ ವಿಮಾನ ಹತ್ತೋಕೆ ಹೋಗುವಾಗಲೂ ಇದೇ ಮಾತು. ಇದೇ ಗಾಡಿ ಬೆಳಗಿನ ಜಾವ ಯಲಹಂಕಕ್ಕೆ ಹೋಗತ್ತೆ. ಅಲ್ಲೇ ಇಳೀರಿ. ಆದ್ರೆ ಏಳು ಗಂಟೆಯ ಫ್ಲೈಟ್ ಇಟ್ಕೊಂಡು ಈ ರೈಲನ್ನ ನಂಬಬೇಡಿ. ಗಾಡಿ ಒಂದು ತಾಸು ತಡ ಆದ್ರೂ ಟಿಕೆಟ್ ನೀರಿಗೆ ಬಿದ್ದ ಹಾಗೆ.

ಏರ್‌ಪೋರ್ಟ್ ಪಕ್ಕದಲ್ಲೇ ಒಂದು ಪುಟ್ಟ ರೈಲು ನಿಲ್ದಾಣ ಇದೆಯಲ್ಲ ಅಂತ ಕೆಲವರು ಕೇಳ್ತಾರೆ. ಇದೆ. 2021ರ ಜನವರಿಯಿಂದ ಅಲ್ಲಿ ರೈಲು ನಿಲ್ತಿವೆ, ಯಲಹಂಕ–ಚಿಕ್ಕಬಳ್ಳಾಪುರ ದಾರಿಯಲ್ಲಿ. ಟಿಕೆಟ್ ಟೀ ಬೆಲೆಗೆ ಹತ್ತಿರ. ಆದ್ರೆ ಗಾಡಿಗಳು ಬಹಳ ಕಡಿಮೆ. ನಿಮ್ಮ ಹೊತ್ತಿಗೆ ಹೊಂದಿದರೆ ಅದೃಷ್ಟ, ಹೊಂದದಿದ್ದರೆ ಕಾಯಬೇಡಿ.

ಬಸ್ಸಾದರೆ ಗೊರಗುಂಟೆಪಾಳ್ಯ

ಬಸ್ ಬುಕ್ ಮಾಡಿದವರು ಪಿಕಪ್ ಪಾಯಿಂಟ್ ಅನ್ನೋ ಕಾಲಂನ್ನ ಕಣ್ಣು ಬಿಟ್ಟು ನೋಡ್ರಿ. ಹೆಚ್ಚಿನವರು ಮೆಜೆಸ್ಟಿಕ್ ಅಂತ ಒತ್ತಿ ಮುಂದೆ ಹೋಗ್ತಾರೆ. ತುಮಕೂರು ರಸ್ತೆ ಹಿಡಿಯೋ ಬಸ್ಸುಗಳಿಗೆ ಗೊರಗುಂಟೆಪಾಳ್ಯ, ಜಾಲಹಳ್ಳಿ ಕ್ರಾಸ್ ಅಂತ ಮುಂದಿನ ನಿಲ್ದಾಣಗಳು ಇರ್ತವೆ. ಏರ್‌ಪೋರ್ಟಿನಿಂದ ವಾಯುವಜ್ರದಲ್ಲಿ ಹೆಬ್ಬಾಳ, ಅಲ್ಲಿಂದ ರಿಂಗ್ ರೋಡಿನ ಸಾಮಾನ್ಯ ಸಿಟಿ ಬಸ್ಸಿನಲ್ಲಿ ಗೊರಗುಂಟೆಪಾಳ್ಯ. ಮೆಜೆಸ್ಟಿಕ್ ಟ್ರಾಫಿಕ್ಕಿನ ಗೋಜೇ ಇಲ್ಲ. ಬಸ್ಸು ಮೆಜೆಸ್ಟಿಕ್ ಬಿಟ್ಟು ಇಲ್ಲಿಗೆ ಬರೋಕೆ ಅರ್ಧ ಗಂಟೆಯಾದ್ರೂ ಬೇಕು, ಆ ಅರ್ಧ ಗಂಟೆ ನಿಮ್ಮ ಕೈಗೆ ಸಿಗತ್ತೆ. ವಿಮಾನ ತಡವಾಗಿ ಇಳಿದ ದಿನ ಅದರ ಬೆಲೆ ಗೊತ್ತಾಗೋದು.

ಹೆಣ್ಣುಮಕ್ಕಳಿಗೆ ಒಂದು ಮಾತು. ಶಕ್ತಿ ಯೋಜನೆ 2023ರ ಜೂನ್ 11ರಂದು ಶುರುವಾಗಿದ್ದು, ವಾಯುವಜ್ರಕ್ಕೆ ಅನ್ವಯ ಇಲ್ಲ. ರಾಜಹಂಸ, ಸ್ಲೀಪರ್, ಎಸಿ ಬಸ್ಸಿಗೂ ಇಲ್ಲ. ಆದ್ರೆ ಹೆಬ್ಬಾಳದಿಂದ ಹತ್ತೋ ಸಾಮಾನ್ಯ ಸಿಟಿ ಬಸ್ಸಿಗೆ ಇದೆ, ನಮ್ಮ ಕಲ್ಯಾಣ ಕರ್ನಾಟಕ ಸಾರಿಗೆಯ ಎಕ್ಸ್‌ಪ್ರೆಸ್ ಬಸ್ಸಿಗೂ ಇದೆ. ಕರ್ನಾಟಕದ ವಿಳಾಸ ಇರೋ ಗುರುತಿನ ಚೀಟಿ ಕೈಗೆ ಸಿಗೋ ಹಾಗೆ ಇಟ್ಕೊಳ್ಳಿ, ಚೆಕ್-ಇನ್ ಬ್ಯಾಗಿನ ತಳದಲ್ಲಿ ಅಲ್ಲ.

ಮನೆಯಿಂದ ಕಾರು ತಗೊಂಡು ಕರೆಯೋಕೆ ಬರೋರು ಇದ್ದಾರೆ, ಗಲ್ಫಿನಿಂದ ಅಣ್ಣನೋ ಮಾವನೋ ಬರ್ತಿದ್ದಾನೆ ಅಂತ. ಅವರೂ ಬೆಂಗಳೂರು ಹೊಗಬೇಕಿಲ್ಲ. ತುಮಕೂರು ದಾಟಿ ದಾಬಸ್‌ಪೇಟೆಯಲ್ಲಿ ಎಡಕ್ಕೆ ತಿರುಗಿದರೆ ದೊಡ್ಡಬಳ್ಳಾಪುರ, ದೇವನಹಳ್ಳಿ ಮೇಲೆ ಏರ್‌ಪೋರ್ಟ್. ಟೋಲ್ ಕೊಡಬೇಕು, ಕೊಡ್ರಿ. ಗೊರಗುಂಟೆಪಾಳ್ಯದಲ್ಲಿ ಒಂದು ತಾಸು ಸುಡೋ ಡೀಸೆಲ್ಲಿಗಿಂತ ವಾಸಿ.

ಅಸಲಿಗೆ ಬೆಂಗಳೂರೇ ಯಾಕೆ?

ನನ್ನ ಪ್ರಕಾರ ದೊಡ್ಡ ಉಳಿತಾಯ ಇರೋದು ಇಲ್ಲಿ. ನಾವು ಫ್ಲೈಟ್ ಹುಡುಕುವಾಗ ಆ್ಯಪ್‌ನಲ್ಲಿ ಬೆಂಗಳೂರು ಅಂತ ಹಾಕ್ತೀವಿ, ಅತಿ ಕಡಿಮೆ ದರ ಆರಿಸ್ತೀವಿ. ಹುಬ್ಬಳ್ಳಿ 1,500 ಹೆಚ್ಚು ತೋರಿಸಿದ್ರೆ "ಅಬ್ಬಾ" ಅಂತ ಬಿಡ್ತೀವಿ. ನಮ್ಮ ಹುಡುಗನ ಬಿಲ್ಲನ್ನೇ ತಗೊಳ್ಳಿ. ಫ್ಲೈಟ್ 5,800, ನೆಲದ ಖರ್ಚು 4,400, ಒಟ್ಟು 10,200. ಅದೇ ಹುಬ್ಬಳ್ಳಿಗೆ 7,300 ಕೊಟ್ಟಿದ್ರೂ, ಆಟೋ, ಬಸ್ಸು ಸೇರಿ ಎಂಟು ಸಾವಿರದ ಆಸುಪಾಸಿನಲ್ಲಿ ಕುಷ್ಟಗಿಯಲ್ಲಿರ್ತಿದ್ದ. ದೆಹಲಿಯಿಂದ ಹುಬ್ಬಳ್ಳಿಗೆ ನೇರ ವಿಮಾನ 2022ರ ನವೆಂಬರ್‌ನಲ್ಲೇ ಶುರುವಾಗಿತ್ತು. ವೇಳಾಪಟ್ಟಿ ಸೀಸನ್ನಿಗೊಮ್ಮೆ ಬದಲಾಗತ್ತೆ, ಹಾಗಾಗಿ ಪ್ರತಿ ಸಲ ಎರಡೂ ಊರು ಹಾಕಿ ನೋಡಬೇಕು.

ಹುಬ್ಬಳ್ಳಿ ಏರ್‌ಪೋರ್ಟ್ ಗೋಕುಲ ರಸ್ತೆಯಲ್ಲಿದೆ. ಅಲ್ಲಿಂದ ಕೊಪ್ಪಳಕ್ಕೆ ಗದಗ ಮೇಲೆ ಸುಮಾರು 115 ಕಿ.ಮೀ. ಟರ್ಮಿನಲ್ ಮುಂದೆ ನಿಂತ ಟ್ಯಾಕ್ಸಿಯವರು "ಕೊಪ್ಪಳಾ? ಬರ್ರಿ" ಅಂತಾರೆ. ಹತ್ತೋ ಮುಂಚೆ ಒಂದು ಲೆಕ್ಕ. ಊರಿಂದ ಊರಿಗೆ ಹೋಗೋ ಟ್ಯಾಕ್ಸಿಯಲ್ಲಿ ಸಾಮಾನ್ಯವಾಗಿ ಹೋಗಿ-ಬರೋ ಎರಡೂ ಕಡೆಯ ಕಿಲೋಮೀಟರ್ ನಿಮ್ಮ ಮೇಲೇ ಬೀಳತ್ತೆ. ಕಿ.ಮೀ.ಗೆ 12 ರೂಪಾಯಿ ಅಂತ ಮಾತಾದರೂ 230 ಕಿ.ಮೀ.ಗೆ 2,760, ಮೇಲೆ ಡ್ರೈವರ್ ಭತ್ಯೆ. ನಾಲ್ಕು ಜನ ಕೂಡಿದ್ರೆ ತಲಾ ಏಳುನೂರು ಚಿಲ್ಲರೆ, ಅದು ಪರವಾಗಿಲ್ಲ. ವಯಸ್ಸಾದವರು, ಆಪರೇಷನ್ ಆದವರು ಜೊತೆಗಿದ್ರೆ ಖಂಡಿತ ಮಾಡ್ಕೊಳ್ಳಿ, ಅಲ್ಲಿ ಉಳಿತಾಯದ ಮಾತು ಬೇಡ. ಒಬ್ಬರೇ ಇದ್ದು, ಬೆನ್ನಿಗೊಂದು ಬ್ಯಾಗು ಇದ್ದರೆ ಮಾತ್ರ ಬೇಡ.

ಒಬ್ಬರಿಗೆ ಬಸ್ಸು. ಎಕ್ಸ್‌ಪ್ರೆಸ್ಸಿನಲ್ಲಿ ಕೊಪ್ಪಳಕ್ಕೆ ಇನ್ನೂರರ ಒಳಗೆ ಆಗತ್ತೆ, ಹೆಣ್ಣುಮಕ್ಕಳಿಗೆ ಉಚಿತ. ಹುಬ್ಬಳ್ಳಿಯಲ್ಲಿ ಬಸ್ ಸ್ಟ್ಯಾಂಡ್ ಒಂದಲ್ಲ ಅನ್ನೋದು ನೆನಪಿರಲಿ: ಗೋಕುಲ ರೋಡು, ಹಳೇ ಬಸ್ ಸ್ಟ್ಯಾಂಡು, ಹೊಸೂರು. ನಿಮ್ಮ ಬಸ್ಸು ಆ ಹೊತ್ತಿಗೆ ಎಲ್ಲಿಂದ ಬಿಡತ್ತೆ ಅಂತ ಕೇಳ್ಕೊಂಡೇ ಆಟೋ ಹತ್ತಿ, ಇಲ್ಲಾಂದ್ರೆ ಆಟೋಕ್ಕೆ ಎರಡು ಸಲ ಕೊಡಬೇಕಾಗತ್ತೆ.

ರೈಲು ಇನ್ನೂ ಅಗ್ಗ. ಕೊಪ್ಪಳಕ್ಕೆ ಜನರಲ್ ಟಿಕೆಟ್ ನೂರರ ಒಳಗೇ. ಫೋನಿನಲ್ಲೇ ರೈಲ್‌ಒನ್ ಆ್ಯಪ್‌ನಲ್ಲಿ ತೆಗೀಬಹುದು, ಕ್ಯೂ ಬೇಡ. ಹಿಂದೆ ಕೊಪ್ಪಳ ಒಂದಕ್ಕೇ ಈ ಅನುಕೂಲ ಇತ್ತು. 2019ರಲ್ಲಿ ಗಿಣಿಗೇರಿಯಿಂದ ಒಡೆದು ಗಂಗಾವತಿಗೆ ರೈಲು ಬಂತು, ಆಮೇಲೆ ಕಾರಟಗಿ, ಸಿಂಧನೂರಿಗೂ ಹೋಯ್ತು. 2025ರ ಮೇ ತಿಂಗಳಲ್ಲಿ ಗದಗ–ವಾಡಿ ಮಾರ್ಗದ ತಳಕಲ್–ಕುಷ್ಟಗಿ ಭಾಗ ತೆರೆದು ಹುಬ್ಬಳ್ಳಿಯಿಂದ ಕುಕನೂರು, ಯಲಬುರ್ಗಾ, ಕುಷ್ಟಗಿಗೆ ನೇರ ಗಾಡಿ ಶುರುವಾಯ್ತು. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ, ನಾಲ್ಕರ ಹೆಸರೂ ಈಗ ಹುಬ್ಬಳ್ಳಿ ಸ್ಟೇಷನ್ನಿನ ಬೋರ್ಡಿನಲ್ಲಿ ಬರತ್ತೆ. ನಮ್ಮ ಅಪ್ಪಂದಿರು ಇದನ್ನ ನಂಬೋಕೆ ಸ್ವಲ್ಪ ಟೈಮ್ ತಗೊಂಡ್ರು. ದಿನದ ಎಲ್ಲಾ ಹೊತ್ತಲ್ಲೂ ರೈಲಿಲ್ಲ ಅನ್ನೋದೇ ಕೊರತೆ. ಆದ್ದರಿಂದ ಮೊದಲು ರೈಲಿನ ಟೈಮ್ ನೋಡಿ, ಆಮೇಲೆ ಫ್ಲೈಟ್ ಆರಿಸಿ. ನಾವು ಮಾಡೋದು ಯಾವಾಗಲೂ ಉಲ್ಟಾ.

ಇನ್ನೊಂದು ವಿಷಯ. ಹುಬ್ಬಳ್ಳಿಯ ಆ ಉದ್ದನೆಯ ಪ್ಲಾಟ್‌ಫಾರ್ಮ್ 1,507 ಮೀಟರ್. ಜಗತ್ತಿನಲ್ಲೇ ಉದ್ದ ಅಂತ ಸೆಲ್ಫಿ ತೆಗೀಬಹುದು, ಆದ್ರೆ ನಿಮ್ಮ ಗಾಡಿ ಅದರ ಯಾವ ತುದೀಲಿ ನಿಂತಿದೆ ಅಂತ ಮೊದಲೇ ಕೇಳಿ. ಬ್ಯಾಗು ಎಳ್ಕೊಂಡು ಓಡಿದವರ ಮಾತಿದು.

ತೋರಣಗಲ್ಲು, ಗಿಣಿಗೇರಿ, ಹೈದರಾಬಾದ್

ಹತ್ತಿರದಲ್ಲೇ ತೋರಣಗಲ್ಲಿನ ವಿದ್ಯಾನಗರ ಏರ್‌ಪೋರ್ಟ್ ಇದೆಯಲ್ಲ? ಇದೆ. ಉಡಾನ್ ಯೋಜನೆಯಡಿ 2017ರಲ್ಲಿ ಟ್ರೂಜೆಟ್ ವಿಮಾನ ಶುರುವಾದಾಗ ನಾವೆಲ್ಲ ಖುಷಿಪಟ್ಟಿದ್ವಿ. ಆ ಕಂಪನಿಯ ವಿಮಾನಗಳು ನಿಂತವು, ಆಮೇಲೆ ಬೇರೆಯವರು ಬಂದರು. ಅಲ್ಲಿನ ಸೇವೆ ಶುರುವಾಗೋದು, ನಿಲ್ಲೋದು ನಡೆದೇ ಇದೆ. ಹೊಸಪೇಟೆಗೆ ಮೂವತ್ತು ಕಿಲೋಮೀಟರ್ ಅಷ್ಟೇ, ಹಾಗಾಗಿ ಗಂಗಾವತಿಯವರು ಹುಡುಕುವಾಗ ಒಮ್ಮೆ ಆ ಹೆಸರೂ ಹಾಕಿ ನೋಡಿ. ಸಿಕ್ಕರೆ ಹಬ್ಬ. ಗಿಣಿಗೇರಿ ಹತ್ತಿರ ಖಾಸಗಿ ಏರ್‌ಸ್ಟ್ರಿಪ್ ಇದೆ, ಉಡಾನ್ ಮಾತು ಬಂದಾಗಲೆಲ್ಲ ಕೊಪ್ಪಳದ ಹೆಸರೂ ಬರತ್ತೆ, ಆದ್ರೆ ಟಿಕೆಟ್ ತಗೊಂಡು ಇಳಿಯೋ ವಿಮಾನ ಇನ್ನೂ ಬಂದಿಲ್ಲ.

ಗಂಗಾವತಿ, ಕಾರಟಗಿ ಕಡೆಯ ಕೆಲವರಿಗೆ ಹೈದರಾಬಾದ್ ಅನುಕೂಲ, ಅದರಲ್ಲೂ ಗಲ್ಫಿನಿಂದ ಬರೋರಿಗೆ. ಅಲ್ಲೂ ನಾನು ಹೇಳೋದು ಅದನ್ನೇ: ಊರೊಳಗೆ ಹೋಗಬೇಡಿ. ಏರ್‌ಪೋರ್ಟ್ ಇರೋದು ಶಂಶಾಬಾದ್‌ನಲ್ಲಿ, ಹೈದರಾಬಾದಿನ ದಕ್ಷಿಣಕ್ಕೆ. ಮಹಬೂಬ್‌ನಗರ, ರಾಯಚೂರು ಬಸ್ಸು ಹೋಗೋದು ಅದೇ ಹೆದ್ದಾರಿಯಲ್ಲಿ. ಅಲ್ಲಿನ ಸಾರಿಗೆ ಸಂಸ್ಥೆಯ ಪುಷ್ಪಕ್ ಬಸ್ಸಿನಲ್ಲಿ ಆರಾಮ್‌ಘರ್ ತನಕ ಬಂದು, ರಾಯಚೂರಿನ ಬಸ್ಸು ಹಿಡೀರಿ. ರಾಯಚೂರಿನಿಂದ ಸಿಂಧನೂರು, ಗಂಗಾವತಿ ನಿಮಗೆ ಗೊತ್ತಿರೋ ದಾರಿ.

ಹಾಗಾದ್ರೆ ಆ ರಾತ್ರಿ?

ಹನುಮಸಾಗರದ ತಮ್ಮನಿಗೆ ಉತ್ತರ ಬಾಕಿ ಇದೆ. ಹತ್ತೂ ಮುಕ್ಕಾಲಿಗೆ ಇಳಿದು ಹೊರಗೆ ಬರೋದ್ರೊಳಗೆ ಹನ್ನೊಂದೂಕಾಲು. ಹಂಪಿ ಎಕ್ಸ್‌ಪ್ರೆಸ್ ಯಲಹಂಕ ದಾಟಿರತ್ತೆ. ಕುಷ್ಟಗಿ, ಕೊಪ್ಪಳದ ಬಸ್ಸುಗಳೂ ಬಹುತೇಕ ಹೊರಟಿರ್ತವೆ. ಆ ಹೊತ್ತಲ್ಲಿ ಮೆಜೆಸ್ಟಿಕ್ಕಿಗೆ ಹೋಗಿದ್ದೇ ದಾರಿ ತಪ್ಪಿಸಿದ್ದು. ನಾನಾಗಿದ್ರೆ, ಈ ಲೆಕ್ಕ ಗೊತ್ತಿದ್ದು ಹೇಳ್ತಿದೀನಿ, ಆ್ಯಪ್ ಟ್ಯಾಕ್ಸಿಯಲ್ಲಿ ನೇರ ಗೊರಗುಂಟೆಪಾಳ್ಯಕ್ಕೆ ಬರ್ತಿದ್ದೆ. ತುಮಕೂರು ರಸ್ತೆಯಲ್ಲಿ ದಾವಣಗೆರೆ, ಹುಬ್ಬಳ್ಳಿ ಕಡೆಯ ಬಸ್ಸು ಮಧ್ಯರಾತ್ರಿ ದಾಟಿದ ಮೇಲೂ ಸಿಗ್ತವೆ. ನಮ್ಮೂರಿನ ಬೋರ್ಡಿಗೆ ಕಾಯದೆ, ಚಿತ್ರದುರ್ಗದ ಮೇಲೆ ಹೋಗೋ ಯಾವ ಬಸ್ಸಾದ್ರೂ ಹತ್ತೋದು. ಬೈಪಾಸಿನಲ್ಲಿ ಹೋಗತ್ತಾ, ಊರೊಳಗೆ ನಿಲ್ಲತ್ತಾ ಅಂತ ಕೇಳಿಯೇ ಹತ್ತಬೇಕು. ನಸುಕಿಗೆ ಚಿತ್ರದುರ್ಗ, ಅಲ್ಲಿಂದ ಹೊಸಪೇಟೆಯ ಮೊದಲ ಬಸ್ಸು, ಅಲ್ಲಿಂದ ಕುಷ್ಟಗಿ. ಕುಷ್ಟಗಿಗೆ ಮನೆಯವರ ಬೈಕು ಬಂದಿದ್ರೆ ಹತ್ತು, ಹತ್ತೂವರೆಗೆ ಮನೆ. ಖಾತ್ರಿ ಅಂತ ಹೇಳಲಾರೆ, ಆದ್ರೆ ಆಗಬಹುದಿತ್ತು. ಲಾಡ್ಜಿನ 900 ಉಳೀತಿತ್ತು, ಟ್ಯಾಕ್ಸಿಯಲ್ಲಿ ಸಾವಿರದ ಮೇಲೆ ಉಳೀತಿತ್ತು. ಅದಕ್ಕಿಂತ ಮುಖ್ಯ, ಮನೆಯವರಿಗೆ ಫೋನಿನಲ್ಲಿ "ದುರ್ಗದಲ್ಲಿದೀನಿ, ಹೊಸಪೇಟೆ ಬಸ್ ಹತ್ತಿದೆ" ಅಂತ ಹೇಳೋಕೆ ಬರ್ತಿತ್ತು. ಎಲ್ಲಿದ್ದಾನೆ ಅಂತ ಗೊತ್ತಿದ್ರೆ, ನಮ್ಮ ಹಳ್ಳಿಗಳಲ್ಲಿ ಹಿರಿಯರು ಒಂದರ್ಧ ತಾಸು ಮಣ್ಣು ತಡೀತಾರೆ.

ನಿಮ್ಮ ಊರಿನ ದಾರಿಯಲ್ಲಿ ನೀವು ಕಂಡುಕೊಂಡ ಒಳದಾರಿ ಇದ್ದರೆ ವಾಯ್ಸ್ ಮೆಸೇಜ್ ಕಳಿಸಿ: ಎಲ್ಲಿ ಇಳಿದ್ರಿ, ಎಷ್ಟು ಕೊಟ್ರಿ, ಎಷ್ಟು ಹೊತ್ತಾಯ್ತು, ಮೂರೂ ಇರಲಿ. ತಾವರಗೇರಾದವರೊಬ್ಬರು ಆಗಲೇ ಒಂದು ಕಳಿಸಿದ್ದಾರೆ, ಅದನ್ನ ಮುಂದಿನ ವಾರ ಕೇಳಿಸ್ತೀನಿ.